ಹಳ್ಳದ ಮರದ ಕಾವಲು

ಫೆಬ್ರವರಿ ೬, ಗುರುವಾರ

ಬೆಳಗಿನ ಉಷ್ಣಾಂಶ ಹದಿನೆಂಟು. ಮೋಡವಿಲ್ಲ. ಗಾಳಿ ಇಲ್ಲವೆನ್ನುವಷ್ಟು. ಹವಾಮಾನ ಕೇಂದ್ರದ ಕೆಲಸದಿಂದ ನಿವೃತ್ತಿಯಾಗಿ ಎರಡು ವರ್ಷವಾಯಿತು. ಆದರೂ ದಿನಚರಿ ತೆರೆದ ಕೂಡಲೇ ಕೈ ಮೊದಲು ಇದನ್ನೇ ಬರೆಯುತ್ತದೆ.

ಇವತ್ತಿನಿಂದ ಕಾವಲು ಶುರು. ನಮ್ಮೂರಿನ ಕಾಡು ಕಾಯುವ ಸಮಿತಿಗೆ ದರ್ಜಿ ಅಧ್ಯಕ್ಷರು. ಹೋದ ವಾರ ಕುತ್ತಿಗೆಯಲ್ಲಿ ಅಳತೆಪಟ್ಟಿ ಜೋತುಬಿಟ್ಟುಕೊಂಡೇ ಮನೆಗೆ ಬಂದಿದ್ದರು. "ಅಕ್ಕಾ, ಈ ವರ್ಷ ನಮ್ಮ ಕಾಡಲ್ಲಿ ಮಂಗಟ್ಟೆ ಹಕ್ಕಿ ಗೂಡು ಎರಡೇ. ಬಂಡೆ ಮರದ್ದು ಗೂಬೆ ನೋಡ್ಕೋತಾನೆ. ಹಳ್ಳದ ಮರಕ್ಕೆ ನೀವೇ ಆಗ್ಬೇಕು" ಎಂದರು.

"ನಂಗೆ ಹಕ್ಕಿ ವಿಷಯ ಏನು ಗೊತ್ತು?"

"ಹಕ್ಕಿ ವಿಷಯ ಹಕ್ಕಿಗೆ ಗೊತ್ತಿರುತ್ತೆ ಬಿಡಿ. ನಮಗೆ ಬೇಕಾಗಿರೋದು ಸುಳ್ಳು ಬರೀದೇ ಇರೋರು."

ಆ ಮಾತಿಗೆ ಸೋತೆ. ಮೂವತ್ತೊಂದು ವರ್ಷ, ದಿನಕ್ಕೆ ಮೂರು ಸಲ, ಮಳೆಯಿರಲಿ ಬಿಸಿಲಿರಲಿ, ಅಳತೆ ನೋಡಿ ಬರೆದವಳು ನಾನು. ನೋಡದ ಅಂಕಿಯನ್ನು ಒಮ್ಮೆಯೂ ಬರೆಯಲಿಲ್ಲ. ಮಳೆಗೆ ಹೆದರಿ ಒಳಗೇ ಕೂತು ಅಂಕಿ ಹೊಸೆಯುತ್ತಿದ್ದ ಸಹಾಯಕನೊಬ್ಬನನ್ನು ನಾನೇ ಮೇಲಿನವರಿಗೆ ಬರೆದು ಕೆಲಸದಿಂದ ತೆಗೆಸಿದ್ದೆ. ಅವನ ಹೆಂಡತಿ ಬಂದು ಅತ್ತಾಗಲೂ ಮನಸ್ಸು ಅಲುಗಾಡಿರಲಿಲ್ಲ.

ಗೂಬೆ ಎಂದು ಊರೆಲ್ಲ ಕರೆಯುವ ಆ ಹಿರಿಯರೇ ನನ್ನನ್ನು ಮರದ ಹತ್ತಿರ ಕರೆದೊಯ್ದರು. ದುಂಡು ಕಣ್ಣಿಗೆ ಬಂದ ಹೆಸರು. ಒಂದು ಕಾಲಕ್ಕೆ ಬೇಟೆಗಾರರು; ಹತ್ತು ವರ್ಷದ ಹಿಂದೆ ತಾವಾಗಿಯೇ ಬಂದೂಕು ತಂದು ಸಮಿತಿಯ ಮುಂದಿಟ್ಟವರು. ಮೂರು ಅಂತಸ್ತಿನಷ್ಟು ಎತ್ತರದಲ್ಲಿ ಮರಕ್ಕೊಂದು ಪೊಟರೆ. ಅದರ ಬಾಯನ್ನು ಹೆಣ್ಣು ಹಕ್ಕಿ ಒಳಗಿನಿಂದಲೇ ಮೆತ್ತಿ ಮುಚ್ಚಿಕೊಂಡಿದೆ. ಕೊಕ್ಕು ತೂರುವಷ್ಟು ಸೀಳು ಮಾತ್ರ ಬಿಟ್ಟಿದೆ.

"ತಂಗೀ, ಒಳಗೆ ಕೂತೋಳು ರೆಕ್ಕೆ ಗರಿ ಎಲ್ಲಾ ಉದುರಿಸಿಕೊಂಡು ಬಿಡ್ತಾಳೆ. ಗೋಡೆ ಒಡೆದು ಬಂದ್ರೂ ಹಾರೋ ಹಾಗಿಲ್ಲ. ಗಂಡು ತಂದ್ರೆ ಊಟ, ಇಲ್ದಿದ್ರೆ ಇಲ್ಲ. ಅದಕ್ಕೇ ನಾವು ಕಾಯೋದು ಅವಳನ್ನಲ್ಲ, ಅವಳ ಗಂಡನ್ನ" ಎಂದರು.

ಗಂಡು ಬಂದ ಹೊತ್ತು, ತಂದ ಹಣ್ಣು ದಿನವೂ ಬರೆದಿಡಲು ಸಮಿತಿಯ ಪುಸ್ತಕ ಕೊಟ್ಟು, ನಿಯಮವನ್ನೂ ಹೇಳಿದರು. ಕಾವಲಿನವರ ಹೊರತು ಇನ್ನೊಬ್ಬರು ಮರದ ಐವತ್ತು ಹೆಜ್ಜೆಯೊಳಗೆ ಕಾಲಿಡುವಂತಿಲ್ಲ.

ಫೆಬ್ರವರಿ ೧೯, ಬುಧವಾರ

ಇಪ್ಪತ್ತು. ಚದುರಿದ ಮೋಡ.

ಗಂಡು ಬರುವುದು ಕಾಣುವ ಮೊದಲೇ ಕೇಳುತ್ತದೆ. ಯಾರೋ ದೊಡ್ಡ ಕಂಬಳಿ ಒದರುತ್ತ ಬಂದ ಹಾಗೆ ರೆಕ್ಕೆಯ ಸದ್ದು. ಕೊಂಬೆಯ ಮೇಲೆ ಕೂತು, ಅತ್ತ ಇತ್ತ ನೋಡಿ, ಗಂಟಲಿನಿಂದ ಒಂದೊಂದೇ ಹಣ್ಣು ತೆಗೆದು ಸೀಳಿಗೆ ಕೊಡುತ್ತದೆ. ಇವತ್ತು ಒಂದೇ ಸಲಕ್ಕೆ ನಲವತ್ತೆರಡು. ಎಣಿಸಿ ಎಣಿಸಿ ನನ್ನ ಕತ್ತಿಗೇ ನೋವು ಬಂತು.

ಮಗಳು ಹೋದ ವಾರ ಬಂದಳು. ಏಳು ತಿಂಗಳ ಬಸುರಿ. ಹಿಂದಿನದು ಕೈ ತಪ್ಪಿ ಹೋಗಿತ್ತಲ್ಲ, ಹಾಗಾಗಿ ಈ ಸಲ ಹಾಸಿಗೆ ಬಿಟ್ಟು ಏಳಬಾರದು ಎಂದಿದ್ದಾರೆ ಡಾಕ್ಟರು. ಅಳಿಯ ಲೈನ್‌ಮನ್; ಇಲ್ಲಿಯ ವಿದ್ಯುತ್ ಕಚೇರಿಗೇ ವರ್ಗ ಮಾಡಿಸಿಕೊಂಡಿದ್ದಾರೆ. ದಿನಕ್ಕೆ ನಾಲ್ಕು ಸಲ ಬಂದು ಬಾಗಿಲಲ್ಲಿ ನಿಂತು "ಏನಾದ್ರೂ ಬೇಕಾ?" ಎನ್ನುತ್ತಾರೆ. "ನೀವು ಸುಮ್ನಿದ್ರೆ ಸಾಕು" ಎಂದು ಅವಳು ದಿಂಬು ಎಸೆಯುತ್ತಾಳೆ. ಮನೆ ತುಂಬಿದ ಹಾಗಿದೆ.

ಮಾರ್ಚ್ ೧೨, ಬುಧವಾರ

ಮರಿ ಆಗಿದೆ! ಪೊಟರೆಯಿಂದ ಸಣ್ಣ ಕೀಚಲು ದನಿ. ಗೂಬೆಯಣ್ಣ ಐವತ್ತು ಹೆಜ್ಜೆ ಆಚೆ ನಿಂತೇ ಕಿವಿಗೆ ಕೈ ಹಚ್ಚಿ ಕೇಳಿದರು. ಬಂಡೆ ಮರದಲ್ಲೂ ಮೊನ್ನೆಯೇ ಆಯಿತಂತೆ. "ಇಬ್ರೂ ಒಟ್ಟಿಗೇ ಅಜ್ಜ ಅಜ್ಜಿ ಆದ್ವಿ ತಂಗೀ" ಎಂದು ನಕ್ಕರು.

ಮಾರ್ಚ್ ೧೭, ಸೋಮವಾರ

ಮಗಳಿಗೆ ರಕ್ತ ತೀರಾ ಕಡಿಮೆ. ಹೀಗೇ ಇದ್ದರೆ ಹೆರಿಗೆಯ ಹೊತ್ತಿಗೆ ಕಷ್ಟ ಎಂದರು ಡಾಕ್ಟರು. ಮಾತ್ರೆ ತಿಂದರೆ ವಾಂತಿ. "ಮಾಂಸ, ಸೊಪ್ಪು ಚೆನ್ನಾಗಿ ತಿನ್ನಿಸಿ" ಎಂದರು.

ಮಾರ್ಚ್ ೨೩, ಭಾನುವಾರ

ಇಪ್ಪತ್ತಾರು. ಧೂಳು.

ಅಳಿಯ ಮಧ್ಯಾಹ್ನದ ಹೊತ್ತಿಗೆ ಕೊಯ್ದು ತೊಳೆದ ಮಾಂಸ ತಂದರು. "ರಸ್ತೇಲಿ ಒಬ್ಬ ನಾಟಿ ಕೋಳಿ ಮಾರ್ತಿದ್ದ ಅತ್ತೆ." ಬೇಯಲು ಎರಡು ಗಂಟೆ ಹಿಡಿಯಿತು. ಎದೆಯ ಎಲುಬು ನನ್ನ ಅಂಗೈಗಿಂತ ಉದ್ದ. "ಇದೇನು ಕೋಳಿನೋ ಕುರಿನೋ?" ಎಂದು ನಗಾಡಿದೆ. ಅವರು ನಗಲಿಲ್ಲ. ಹೊಟ್ಟೆ ಸರಿಯಿಲ್ಲವೆಂದು ಊಟಕ್ಕೂ ಕೂರಲಿಲ್ಲ.

ಮಗಳು ಎರಡು ಬಟ್ಟಲು ಸಾರು ಕುಡಿದಳು. ವಾಂತಿಯಾಗಲಿಲ್ಲ. ಕೆನ್ನೆಗೆ ಸ್ವಲ್ಪ ಬಣ್ಣ ಬಂದಂತೆ ಕಂಡಿತು. ಉಳಿದದ್ದನ್ನು ನಾನು ತಿಂದೆ.

ಮಾರ್ಚ್ ೨೪, ಸೋಮವಾರ

ಆರೂವರೆಯಿಂದ ಒಂದು ಗಂಟೆಯವರೆಗೆ ಕೂತಿದ್ದೆ. ಗಂಡು ಬರಲಿಲ್ಲ. ಸೀಳಿನಿಂದ ಕೊಕ್ಕು ಆಗಾಗ ಹೊರಗೆ ಬಂದು ಒಳಗೆ ಹೋಗುತ್ತಿತ್ತು.

ಪುಸ್ತಕದಲ್ಲಿ ಆ ಸಾಲನ್ನು ಖಾಲಿ ಬಿಟ್ಟಿದ್ದೇನೆ. ನಾಳೆ ನೋಡೋಣ.

ಮಾರ್ಚ್ ೨೫, ಮಂಗಳವಾರ

ಇವತ್ತೂ ಬರಲಿಲ್ಲ. ಮಧ್ಯಾಹ್ನ ಮನೆಗೆ ಬಂದೆ.

ಬಟ್ಟೆ ಒಗೆಯಲು ಬಕೀಟು ಹುಡುಕುತ್ತ ಹಿತ್ತಲಿಗೆ ಹೋದೆ. ಬಕೀಟಿನಲ್ಲಿ ಅಳಿಯನ ಕಂಬ ಹತ್ತುವ ಬೆಲ್ಟಿನ ಚೀಲವಿತ್ತು. ಎತ್ತಿಡಲು ಹೋದರೆ ಹಗ್ಗದ ಕೆಳಗೆ ಕಾಗದದ ಪೊಟ್ಟಣ. ಬಿಚ್ಚಿದೆ. ಹಳದಿ ಕೊಕ್ಕು, ಅದರ ಮೇಲಿನ ದೊಡ್ಡ ಟೊಪ್ಪಿಗೆಯಂಥ ಉಬ್ಬಿನ ಸಮೇತ. ಜೊತೆಗೆ ಬಾಲದ ಬಿಳಿ ಗರಿಗಳು, ನಡುವೆ ಕಪ್ಪು ಪಟ್ಟಿ.

ಅಳಿಯ ಬಂದಾಗ ಹಿತ್ತಲ ಮೆಟ್ಟಿಲ ಮೇಲೆ ಕೂತಿದ್ದೆ. ಪೊಟ್ಟಣ ನನ್ನ ತೊಡೆಯ ಮೇಲಿತ್ತು. ಅವರು ಅದನ್ನು ನೋಡಿ ಕೆಳಗಿನ ಮೆಟ್ಟಿಲ ಮೇಲೆ ಕೂತರು.

"ಲೈನ್ ನೋಡೋಕೆ ಹೋಗಿದ್ವಿ ಅತ್ತೆ. ಜೊತೇಲಿ ಇದ್ದವನ ಹತ್ರ ಬಂದೂಕು ಇತ್ತು. ಎದುರಿಗೇ ಬಂದು ಕೂತ್ಕೊಂಡಿತು. ಇಷ್ಟು ದೊಡ್ಡ ಹಕ್ಕಿ… ಅವಳಿಗೆ ನಾಲ್ಕು ದಿನಕ್ಕಾಗುತ್ತೆ ಅನ್ನಿಸ್ತು. ಅವಳ ಮುಖ ನೋಡಿದ್ರೆ ನಂಗೆ ಕೈಕಾಲು ಆಡಲ್ಲ."

"ಅದು ನಾನು ಕಾಯ್ತಾ ಇದ್ದ ಹಕ್ಕಿ."

"ಆಮೇಲೆ ಗೊತ್ತಾಯ್ತು."

ಒಳಗಿಂದ ಮಗಳು ಕರೆದಳು: "ಅಮ್ಮಾ, ಇಬ್ರೂ ಎಲ್ಲಿ ಹೋದ್ರಿ? ಒಬ್ಳೇ ಬಿದ್ಕೊಂಡು ಸಾಕಾಗಿದೆ."

ಸಮಿತಿಗೆ ಗೊತ್ತಾದರೆ ಅಳಿಯನಿಗೆ ಜೈಲು ತಪ್ಪಿದ್ದಲ್ಲ. ಕೆಲಸವೂ ಹೋಗುತ್ತದೆ. ಈ ಸುದ್ದಿ ಕೇಳಿದರೆ ಇವಳ ಗತಿ? ಡಾಕ್ಟರು ಮನಸ್ಸಿಗೆ ಒಂದು ಸಣ್ಣ ಆಘಾತವೂ ಕೂಡದು ಎಂದಿದ್ದಾರೆ.

ಸಂಜೆ ಪುಸ್ತಕ ತೆಗೆದು ಎರಡು ಸಾಲು ತುಂಬಿದೆ. ೭.೧೨, ೯.೪೩, ೧೧.೨೬. ಕೇಂದ್ರದ ಆ ಸಹಾಯಕ ಯಾವಾಗಲೂ ಹತ್ತು, ಇಪ್ಪತ್ತು ಎಂದು ದುಂಡು ಅಂಕಿ ಬರೆಯುತ್ತಿದ್ದ, ಅದಕ್ಕೇ ಸಿಕ್ಕಿಬಿದ್ದ.

ಮಾರ್ಚ್ ೨೮, ಶುಕ್ರವಾರ

ಬೆಳಕು ಹರಿಯುತ್ತಲೇ ಅಳಿಯನನ್ನು ಕರೆದುಕೊಂಡು ಹೋದೆ. ಬೆಲ್ಟು ಕಟ್ಟಿಕೊಂಡು ಕಂಬ ಹತ್ತಿದ ಹಾಗೇ ಹತ್ತಿದರು. ಚೀಲದಲ್ಲಿ ಅತ್ತಿ ಹಣ್ಣು. ಹೆಣ್ಣು ಮೊದಲು ಕೊಕ್ಕಿನಿಂದ ಕುಕ್ಕಿತು. ಆಮೇಲೆ ಒಂದು ಹಣ್ಣು ತೆಗೆದುಕೊಂಡಿತು, ಇನ್ನೊಂದು, ಮತ್ತೊಂದು. ಕೆಳಗೆ ನಿಂತ ನನಗೆ ಮರಿಯ ದನಿ ಕೇಳಿಸಿತು. ಅಳಿಯ ಇಳಿದು ಬಂದಾಗ ಬೆರಳಲ್ಲಿ ರಕ್ತ, ಕಣ್ಣಲ್ಲಿ ನೀರು. "ದಿನಾ ಬರ್ತೀನಿ ಅತ್ತೆ" ಎಂದರು.

ಪುಸ್ತಕದಲ್ಲಿ: ೬.೧೭, ಹಣ್ಣು ಮೂವತ್ತು. ಇದು ಪೂರ್ತಿ ಸುಳ್ಳೇನಲ್ಲ.

ಮಾರ್ಚ್ ೩೧, ಸೋಮವಾರ

ಭಾರೀ ಗಾಳಿ. ಗುಡ್ಡದಾಚೆ ಅರವತ್ತು ಕಂಬ ಬಿದ್ದಿವೆಯಂತೆ. ಅಳಿಯನನ್ನು ಹತ್ತು ದಿನಕ್ಕೆ ಅಲ್ಲಿಗೆ ಕಳಿಸಿದ್ದಾರೆ. ಬೆಲ್ಟೂ ಅವರ ಜೊತೆಗೇ ಹೋಯಿತು.

ಏಪ್ರಿಲ್ ೩, ಗುರುವಾರ

ದರ್ಜಿಯ ಅಂಗಡಿಗೆ ಹೋಗಿದ್ದೆ. ಸಮಿತಿಯ ಉದ್ದ ಏಣಿ ಅವರ ಹೊಲಿಗೆ ಯಂತ್ರದ ಹಿಂದೆಯೇ ಗೋಡೆಗೆ ಒರಗಿದೆ. ಮೂರು ವರ್ಷದ ಹಿಂದೆ ಒಂದು ಗಂಡು ಹೀಗೇ ಸತ್ತಾಗ ಊರವರೆಲ್ಲ ಸರದಿಯಲ್ಲಿ ಏಣಿ ಹತ್ತಿ ಹಣ್ಣು ತಿನ್ನಿಸಿದರಂತೆ. ತಾಯಿ, ಮರಿ ಎರಡೂ ಉಳಿದವಂತೆ. ಒಂದು ಮಾತು ಸಾಕಿತ್ತು. ಗಂಡು ಬರುತ್ತಿಲ್ಲ, ಅಷ್ಟೇ.

"ಏನಕ್ಕಾ, ಏನಾದ್ರೂ ಹೇಳ್ಬೇಕಿತ್ತಾ?" ಎಂದರು.

ಬರುತ್ತಿಲ್ಲ ಎಂದರೆ ಯಾವಾಗಿನಿಂದ ಎಂದು ಕೇಳುತ್ತಾರೆ. ಪುಸ್ತಕ ನೋಡುತ್ತಾರೆ. ಯಾರು ಹೊಡೆದರು ಎಂದು ಹುಡುಕುತ್ತಾರೆ.

"ಮಗೂಗೆ ಎರಡು ಮೆತ್ತನೆ ಅಂಗಿ ಹೊಲಿದುಕೊಡಿ" ಎಂದೆ.

ಏಪ್ರಿಲ್ ೫, ಶನಿವಾರ

ದರ್ಜಿ ಪುಸ್ತಕ ನೋಡಿ ಸಹಿ ಹಾಕಿದರು. "ಏನು ಅಚ್ಚುಕಟ್ಟು ಅಕ್ಕಾ! ಗೂಬೆ ಪುಸ್ತಕ ನೋಡಿದ್ರೆ ಕೋಳಿ ಕೆದಕಿದ ಹಾಗಿದೆ."

ಮರದಲ್ಲಿ ಕೊಕ್ಕು ಹೊರಗೆ ಬರುವುದು ಕಡಿಮೆಯಾಗಿದೆ. ಬಂದರೆ ತೆರೆದೇ ಇರುತ್ತದೆ.

ಏಪ್ರಿಲ್ ೮, ಮಂಗಳವಾರ

ಸದ್ದಿಲ್ಲ.

ಏಪ್ರಿಲ್ ೯, ಬುಧವಾರ

ಗೂಬೆಯಣ್ಣ ಬಂದಿದ್ದ. ನಿಯಮ ಮೀರಿ ಮರದ ಬುಡಕ್ಕೇ ಬಂದ. ನೆಲ ನೋಡಿದ, ಮೇಲೆ ನೋಡಿದ.

"ತಂಗೀ, ಬುಡದಲ್ಲಿ ತಿಂದು ಉಗುಳಿದ ಹೊಸ ಬೀಜಾನೇ ಬಿದ್ದಿಲ್ಲವಲ್ಲ? ನನ್ನ ಮರದ ಕೆಳಗೆ ಕಾಲಿಡೋಕೆ ಆಗಲ್ಲ, ಅಷ್ಟು ಬಿದ್ದಿದೆ."

"ಗಾಳಿಗೆ ಹೋಗಿರ್ಬೇಕು."

"ಗಾಳಿಗೆ ಎಲೆ ಹೋಗುತ್ತೆ" ಎಂದ. ದನಿ ತಗ್ಗಿಸಿ, "ಏನಾದ್ರೂ ಇದ್ರೆ ಹೇಳು. ನಾನು ಏಣಿ ತರ್ತೀನಿ. ಯಾರನ್ನೂ ಏನೂ ಕೇಳಲ್ಲ" ಎಂದ.

ಮಾತು ಬಾಯಿಗೆ ಬಂದಿತ್ತು. ಹೇಳಿಬಿಡುತ್ತಿದ್ದೆನೇನೋ. ಆದರೆ ನಿನ್ನೆಯಿಂದ ಸದ್ದೇ ಇಲ್ಲ. ಈಗ ಹೇಳಿ ಯಾರಿಗೆ ಏನು ಬಂತು?

"ಇಲ್ಲಿ ಇಷ್ಟು ಹತ್ರ ಬರಬಾರ್ದು ಅಣ್ಣ, ನಿಯಮ ಇದೆ" ಎಂದೆ.

ಏಪ್ರಿಲ್ ೧೦, ಗುರುವಾರ

ಕಾಡಿನ ಆ ಬದಿಯ ಮರಗಳ ಕೆಳಗಿನಿಂದ ಒಂದು ಬುಟ್ಟಿ ಬೀಜ ಆಯ್ದು ತಂದು ಬುಡದಲ್ಲಿ ಚೆಲ್ಲಿದೆ. ಸಮನಾಗಿ ಬೀಳದಂತೆ, ಸೀಳಿನ ನೇರಕ್ಕೆ ಹೆಚ್ಚು. ಸೊಂಟ ಹಿಡಿದುಕೊಂಡಿದೆ.

ಏಪ್ರಿಲ್ ೧೫, ಮಂಗಳವಾರ

ಹೆಣ್ಣು ಮಗು! ನಿನ್ನೆ ಬೆಳಿಗ್ಗೆ ಹತ್ತೂ ಇಪ್ಪತ್ತಕ್ಕೆ. ಎರಡೂ ಮುಕ್ಕಾಲು ಕಿಲೋ. ಮಗಳಿಗೆ ರಕ್ತ ಕೊಡಬೇಕಾಗಿ ಬಂತು, ಆದರೆ ಗಟ್ಟಿಯಾಗಿದ್ದಾಳೆ. ಅಳಿಯ ಆಸ್ಪತ್ರೆಯ ಕಾರಿಡಾರಿನಲ್ಲಿ ಕೂತು ಗಳಗಳ ಅತ್ತುಬಿಟ್ಟರು. ನರ್ಸು, "ಹೆತ್ತಿದ್ದು ಅವರಾ ನೀವಾ?" ಎಂದು ಕೇಳಿ ಎಲ್ಲರನ್ನೂ ನಗಿಸಿದಳು.

ಕಾವಲಿಗೆ ಹೋಗಲಾಗಲಿಲ್ಲ. ಇರಲಿ, ಹೊರಡುವ ಮೊದಲೇ ಬುಧವಾರದವರೆಗೆ ಬರೆದಿಟ್ಟಿದ್ದೆ.

ಏಪ್ರಿಲ್ ೧೭, ಗುರುವಾರ

ಸೇತುವೆಯ ಹತ್ತಿರದ ಚರಂಡಿಯಿಂದ ನಾಯಿಗಳು ಕೊಕ್ಕು, ಗರಿ ಎಲ್ಲ ಎಳೆದು ತಂದಿವೆ. ಆ ಪೊಟ್ಟಣವನ್ನು ಅಳಿಯ ಹೂತಿದ್ದು ಅಲ್ಲೇ. ಸಾಯಂಕಾಲ ಶಾಲೆಯ ಜಗಲಿಯಲ್ಲಿ ಸಭೆ ಸೇರಿತು. ದರ್ಜಿ ಕೊಕ್ಕನ್ನು ಮಗುವಿನ ಹಾಗೆ ಬಟ್ಟೆಯಲ್ಲಿ ಸುತ್ತಿ ಹಿಡಿದಿದ್ದರು.

"ಇರೋದು ಎರಡು ಗಂಡು. ಇದು ಯಾವ ಮರದ್ದು?"

"ನನ್ನದು ಬರ್ತಾ ಇದೆ. ಇವತ್ತೂ ಬಂದಿತ್ತು" ಎಂದ ಗೂಬೆ.

ಎಲ್ಲರೂ ನನ್ನ ಕಡೆ ತಿರುಗಿದರು. "ನನ್ನದೂ ಬರ್ತಾ ಇದೆ" ಎಂದೆ. ದರ್ಜಿ ನನ್ನ ಪುಸ್ತಕ ಬಿಡಿಸಿದರು. ಒಂದು ದಿನವೂ ತಪ್ಪಿಲ್ಲ.

"ಹಳ್ಳದ ಮರಕ್ಕೆ ನೊಣ ಮುತ್ತಿದೆ. ಹೋಗಿ ಮೂಗಿಂದ ನೋಡಿ" ಎಂದ ಗೂಬೆ.

"ನೀನ್ಯಾಕೆ ಅಲ್ಲಿಗೆ ಹೋಗಿದ್ದೆ?" ಎಂದು ಹಿಂದಿನಿಂದ ಯಾರೋ ಕೂಗಿದರು. "ಹಳೇ ಚಾಳಿ ಎಲ್ಲಿ ಬಿಡುತ್ತೆ!" ಎಂದರು ಇನ್ನೊಬ್ಬರು. ಮರಿ ದೊಡ್ಡದಾಗಿದೆ, ಈಗ ಜನ ಹೋದರೆ ತಾಯಿ ಗಾಬರಿಯಾಗುತ್ತಾಳೆ ಎಂದೆ. ಎಲ್ಲರೂ ಹೌದೆಂದರು.

ಕೊನೆಗೆ ದರ್ಜಿ ತೀರ್ಮಾನ ಹೇಳಿದರು: "ಅಕ್ಕ ಶನಿವಾರ ಬಂಡೆ ಮರದ ಹತ್ರ ಕೂತು ನೋಡ್ಲಿ. ಅವರು ಬರೆದಿದ್ದೇ ಕೊನೆ ಮಾತು."

ಗೂಬೆ ಖುಷಿಯಿಂದ ತಲೆಯಾಡಿಸಿದ. "ಅದೇ ಸರಿ. ತಂಗಿ ನೋಡಿದ್ರೆ ಸಾಕು."

ಏಪ್ರಿಲ್ ೧೮, ಶುಕ್ರವಾರ

ಮಗಳು, ಮಗು ಮನೆಗೆ ಬಂದರು. ಮಗು ನನ್ನ ಬೆರಳು ಹಿಡಿದರೆ ಬಿಡುವುದೇ ಇಲ್ಲ. ಅಳಿಯ ಪಿಸುದನಿಯಲ್ಲಿ, "ನಾನೇ ಹೋಗಿ ಹೇಳಿಬಿಡ್ಲಾ ಅತ್ತೆ?" ಎಂದರು. ಮುಖಕ್ಕೆ ಹೊಡೆದ ಹಾಗೆ, "ಬಾಯಿ ಮುಚ್ಕೊಂಡು ತೊಟ್ಟಿಲು ತೂಗಿ" ಎಂದೆ. ಈ ಮನೆಯಲ್ಲಿ ಯಾರಾದರೂ ಒಬ್ಬರಿಗೆ ಬುದ್ಧಿ ನೆಟ್ಟಗಿರಬೇಕು.

ಗೂಬೆಗೆ ಹೆಂಡತಿಯಿಲ್ಲ, ಮಕ್ಕಳಿಲ್ಲ. ಕಾಯುವವರು ಯಾರೂ ಇಲ್ಲ.

ಏಪ್ರಿಲ್ ೧೯, ಶನಿವಾರ

ಬಂಡೆ ಮರ. ಗೂಬೆ ನೆರಳಲ್ಲಿ ಕೂರಲು ಒಂದು ಹಲಗೆ ಹಾಕಿಟ್ಟಿದ್ದ, ಕುಡಿಯಲು ನೀರೂ ಇಟ್ಟಿದ್ದ. ನಿಯಮದಂತೆ ತಾನು ಊರಲ್ಲೇ ಉಳಿದ.

ಗಂಡು ಬಂದದ್ದು ೬.೫೧, ೮.೩೪, ೧೦.೧೬, ೧೨.೩೯. ಭಾರಿ ಹಕ್ಕಿ. ತಾಯಿಯ ಕೊಕ್ಕಿನ ಪಕ್ಕದಲ್ಲೇ ಮರಿಯ ಕೊಕ್ಕೂ ಕಾಣುತ್ತದೆ. ಎರಡನೆಯ ಸಲ ಅದು ಕೊಂಬೆಯ ಮೇಲಿಂದ ಕತ್ತು ಓರೆ ಮಾಡಿ ನನ್ನನ್ನೇ ನೋಡಿತು.

ಪುಸ್ತಕದಲ್ಲಿ: ಗಂಡು ಬರಲಿಲ್ಲ. ಷರಾ: ಹೆಣ್ಣು ಸೊರಗಿದೆ, ಕೂಡಲೇ ಆಹಾರ ಕೊಡುವುದು ಒಳ್ಳೆಯದು.

ಅಕ್ಷರ ದುಂಡಗೆ ಬಂದಿದೆ.

ಏಪ್ರಿಲ್ ೨೦, ಭಾನುವಾರ

ಅರಣ್ಯ ಇಲಾಖೆಯ ಜೀಪು ಬಂದು ಗೂಬೆಯನ್ನು ಕರೆದುಕೊಂಡು ಹೋಯಿತು. ಅವನು ಜಗಳವಾಡಲಿಲ್ಲ. ಶಾಲೆಯ ಮುಂದೆ ಜನ ನಿಂತಿದ್ದರು, ನಾನೂ ನಿಂತಿದ್ದೆ. ಹತ್ತುವ ಮೊದಲು ನನ್ನ ಹತ್ತಿರ ಬಂದ. ಬಯ್ಯುತ್ತಾನೆಂದುಕೊಂಡೆ.

"ಮಗು ಹೇಗಿದೆ ತಂಗೀ?" ಎಂದ.

"ಚೆನ್ನಾಗಿದೆ."

"ಹೂಂ. ಚೆನ್ನಾಗಿರ್ಲಿ" ಎಂದು ಹೋಗಿ ಕೂತ.

ಮನೆಗೆ ಬಂದ ಮೇಲೆ ಯಾಕೋ ಸಿಟ್ಟು ಬಂತು. ಎಲ್ಲರೆದುರು ಹಾಗೆ ಕೇಳುವ ಅಗತ್ಯವೇನಿತ್ತು?

ಏಪ್ರಿಲ್ ೨೧, ಸೋಮವಾರ

ಬೆಳಿಗ್ಗೆ ಊರಿಗೆ ಊರೇ ಬಂಡೆ ಮರದ ಕೆಳಗೆ. ಏಣಿ, ಹಗ್ಗ, ಬುಟ್ಟಿ ತುಂಬ ಹಣ್ಣು. ಗೂಬೆ ಮಾಡಿದ್ದಕ್ಕೆ ನಾವಾದರೂ ತಾಯಿ ಮರಿಯನ್ನು ಉಳಿಸಿಕೊಳ್ಳೋಣ ಎಂದು ಎಲ್ಲರಿಗೂ ಹುಮ್ಮಸ್ಸು. ಹೆಂಗಸರು ಸರದಿಯ ಪಟ್ಟಿ ಮಾಡಿದರು. ದರ್ಜಿ ತಾವೇ ಮೊದಲು ಹತ್ತಿದರು. ಸೀಳಿನ ಮುಂದೆ ಹಣ್ಣು ಹಿಡಿದು ಎಷ್ಟು ಹೊತ್ತು ನಿಂತರೂ ಕೊಕ್ಕು ಹೊರಗೆ ಬರಲಿಲ್ಲ.

"ಅಕ್ಕಾ, ಹೆದರಿ ಒಳಗೆ ಹೋಗಿಬಿಟ್ಟಿದೆ. ಏನು ಮಾಡೋದು?"

"ಬಿಡ್ಬೇಡಿ. ದಿನಾ ಬನ್ನಿ, ಎರಡು ದಿನಕ್ಕೆ ಒಗ್ಗುತ್ತೆ" ಎಂದೆ.

ಆಗಲೇ ರೆಕ್ಕೆಯ ಸದ್ದು ಕೇಳಿತು. ಎಲ್ಲರೂ ತಲೆಯೆತ್ತಿದರು. ಗಂಡು ಹಕ್ಕಿ ಕೊಂಬೆಗಳ ಮೇಲೆ ಬಂತು, ಕೊಕ್ಕಿನ ತುದಿಯಲ್ಲಿ ಕೆಂಪು ಹಣ್ಣು. ಜನರನ್ನು ಕಂಡು ಇಳಿಯಲಿಲ್ಲ. ಮೂರು ಸಲ ಸುತ್ತು ಹೊಡೆಯಿತು.

ದರ್ಜಿ ಏಣಿಯ ಮೇಲಿಂದಲೇ ನನ್ನ ಕಡೆ ನೋಡಿದರು. ಅವರ ಮುಖದಲ್ಲಿ ಬಣ್ಣವೇ ಇರಲಿಲ್ಲ. "ಅಕ್ಕಾ… ಇದು ಯಾವುದು?"

"ನನ್ನದು" ಎಂದೆ. "ಹಳ್ಳದ ಮರದ್ದು. ಹಣ್ಣಿಗೆ ಈ ಕಡೆ ಬರುತ್ತೆ."

ದರ್ಜಿ ದೊಡ್ಡ ಉಸಿರು ಬಿಟ್ಟರು. ಕೆಳಗಿದ್ದವರು ಚಪ್ಪಾಳೆ ತಟ್ಟಿದರು. ಆ ಸದ್ದಿಗೆ ಹಕ್ಕಿ ಗುಡ್ಡದ ಕಡೆ ಹೊರಟುಹೋಯಿತು. ನಾವು ಮಧ್ಯಾಹ್ನದವರೆಗೂ ಅಲ್ಲೇ ಇದ್ದೆವು. ಅದು ಮತ್ತೆ ಬರಲಿಲ್ಲ.

ಮನೆಗೆ ಬಂದು ಪುಸ್ತಕ ತೆಗೆದೆ. ಹಳ್ಳದ ಮರದ ಸಾಲಿನಲ್ಲಿ ೮.೪೫ ಎಂದು ಬರೆದೆ. ತಂದ ಹಣ್ಣು: ಎಣಿಸಲಾಗಲಿಲ್ಲ. ಬಹಳ ದಿನಗಳ ಮೇಲೆ ಒಂದು ಸಾಲು ಯೋಚನೆ ಮಾಡದೆ ಬಂತು.

ಮಗು ಎದ್ದಿದೆ. ನೀರು ಕಾಯಲು ಇಡಬೇಕು.